ಮೊಬೈಲ್ ಹಾಲ್‌ನಲ್ಲೇ ಮಲಗಲಿ: ಸ್ಕ್ರೋಲಿಂಗ್ ಚಟ ಬಿಡಿಸಿಕೊಳ್ಳುವುದು ಹೇಗೆ?

ರಾತ್ರಿ ಹತ್ತೂವರೆಗೆ ಅಲಾರಾಂ ಇಡೋಣವೆಂದು ಮೊಬೈಲ್ ಕೈಗೆತ್ತಿಕೊಂಡವಳು ತಲೆ ಎತ್ತಿದಾಗ ಹನ್ನೆರಡೂ ಮುಕ್ಕಾಲು. ಹೆಬ್ಬೆರಳಿನ ಬುಡ ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ನೋಡಿದ ಅಷ್ಟೊಂದು ರೀಲ್ಸ್‌ನಲ್ಲಿ ಒಂದೂ ನೆನಪಿಲ್ಲ, ಅಲಾರಾಂ ಇಟ್ಟೂ ಇರಲಿಲ್ಲ. ‘ನಾಳೆಯಿಂದ ನೋಡಲ್ಲ’ ಎಂದು ಎಷ್ಟೋ ರಾತ್ರಿ ಅಂದುಕೊಂಡ ಮೇಲೆ ನನಗೆ ಖಾತ್ರಿಯಾಗಿದೆ: ದಣಿದ ಹೊತ್ತಿನಲ್ಲಿ ಮನಸ್ಸಿನ ಗಟ್ಟಿತನವನ್ನು ನಂಬಿ ಕೂರಬಾರದು, ಮೊಬೈಲ್ ಇಡುವ ಜಾಗವನ್ನೇ ಬದಲಿಸಬೇಕು.

ತಪ್ಪೆಲ್ಲ ನಮ್ಮದೇ ಎಂದು ಕೊರಗಬೇಡಿ. ಮೊದಲೆಲ್ಲ ವೆಬ್ ಪುಟಕ್ಕೆ ಒಂದು ಕೊನೆ ಇತ್ತು. ‘ಮುಂದಿನ ಪುಟ’ ಒತ್ತುವ ಮುಂಚೆ ಸಾಕೋ ಬೇಕೋ ಎಂದು ಯೋಚಿಸಲು ಒಂದು ಕ್ಷಣ ಸಿಗುತ್ತಿತ್ತು. 2006ರಲ್ಲಿ ಕೊನೆಯೇ ಇಲ್ಲದೆ ಉರುಳುವ ಪುಟವನ್ನು ರೂಪಿಸಿದ ಅಜಾ ರಾಸ್ಕಿನ್, ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ವಿಷಾದಿಸಿದರು. ಐದಾರು ವಿಡಿಯೊ ಸಪ್ಪೆ, ಏಳನೆಯದು ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತದೆ. ಆ ಏಳನೆಯದು ಯಾವಾಗ ಬರುತ್ತದೋ ಗೊತ್ತಿಲ್ಲ. ಬೆರಳು ನಿಲ್ಲದಿರುವುದು ಅದಕ್ಕೇ.

ಮೊದಲ ಮೂರು ದಿನ ಏನನ್ನೂ ಬಿಡಬೇಡಿ, ಬರೆದಿಡಿ ಅಷ್ಟೆ. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನ್‌ನಲ್ಲಿ ‘ಸ್ಕ್ರೀನ್ ಟೈಮ್’ ತೆರೆಯಿರಿ. ಎಷ್ಟು ಗಂಟೆ ನೋಡಿದಿರಿ ಎನ್ನುವುದರ ಜೊತೆಗೆ ಎಷ್ಟು ಸಲ ಕೈಗೆತ್ತಿಕೊಂಡಿರಿ ಎಂಬುದನ್ನೂ ಗಮನಿಸಿ. ಪ್ರತಿ ಸಲ ಆಗ ಏನಾಗುತ್ತಿತ್ತು ಎಂದು ಒಂದೇ ಸಾಲು ಸಾಕು. ನನ್ನ ಚೀಟಿಯಲ್ಲಿದ್ದದ್ದು: ಕುಕ್ಕರ್ ಕೂಗಲು ಕಾಯುವಾಗ, ಬಸ್ ಬಾರದಿದ್ದಾಗ, ಮನೆಯಲ್ಲಿ ಮಾತಿಗೆ ಮಾತು ಬೆಳೆದ ಮೇಲೆ. ಈ ಮೂರನೆಯದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ನಾನು ರೀಲ್ಸ್ ನೋಡುತ್ತಿರಲಿಲ್ಲ, ಅಳು ನುಂಗುತ್ತಿದ್ದೆ.

ನಾಲ್ಕನೇ ದಿನ ಚಾರ್ಜರನ್ನು ಮಲಗುವ ಕೋಣೆಯಿಂದ ಹೊರಗೆ ತನ್ನಿ. ಉಳಿದ ಯಾವುದನ್ನೂ ಮಾಡದಿದ್ದರೂ ಇದೊಂದನ್ನು ಮಾಡಿ. ‘ಅಲಾರಾಂ?’ ಎನ್ನುತ್ತೀರಿ, ಒಂದು ಟೇಬಲ್ ಗಡಿಯಾರ ಕೊಳ್ಳಿ. ‘ಊರಿಂದ ಅಮ್ಮ ಅರ್ಧರಾತ್ರಿ ಫೋನ್ ಮಾಡಿದರೆ?’ ರಿಂಗ್ ಜೋರಾಗಿಡಿ, ಹಾಲ್‌ನಿಂದ ಕೇಳುತ್ತದೆ. ಮೊದಲ ರಾತ್ರಿ ನನ್ನ ಕೈ ತಾನಾಗಿಯೇ ದಿಂಬಿನಡಿ ಹುಡುಕಿತು, ಎರಡೆರಡು ಸಲ. ಫ್ಯಾನಿನ ಕಿರಿಕಿರಿ ಸದ್ದು ಕೇಳುತ್ತಾ ಬಹಳ ಹೊತ್ತು ಎಚ್ಚರವಾಗಿದ್ದೆ. ವಾರ ಕಳೆಯುವುದರೊಳಗೆ ಆ ಸದ್ದಿಗೇ ನಿದ್ದೆ ಹತ್ತತೊಡಗಿತು.

ಆಮೇಲೆ ದಾರಿಗೆ ಮುಳ್ಳುಬೇಲಿ ಹಾಕಿ. ಕರೆ, ಮನೆಯವರ ಮೆಸೇಜು, ಬ್ಯಾಂಕಿನ ಎಸ್‌ಎಂಎಸ್ ಬಿಟ್ಟು ಮಿಕ್ಕ ನೋಟಿಫಿಕೇಶನ್ ಆಫ್ ಮಾಡಿ. ಹೆಚ್ಚು ಕಾಡುವ ಆ್ಯಪ್ ಅಳಿಸಿ, ಖಾತೆ ಎಲ್ಲೂ ಹೋಗುವುದಿಲ್ಲ. ಬೇಕಾದಾಗ ಬ್ರೌಸರಿನಲ್ಲಿ ಪಾಸ್‌ವರ್ಡ್ ಹಾಕಿ ನೋಡಿ, ಮುಗಿದ ಮೇಲೆ ಲಾಗ್‌ಔಟ್ ಆಗಿ. ಯೂಟ್ಯೂಬ್‌ನಲ್ಲಿ ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡಿದರೆ ಮುಖಪುಟದ ಶಿಫಾರಸುಗಳು ನಿಲ್ಲುತ್ತವೆ. ಬೇಕಾದ್ದನ್ನು ಹುಡುಕಿಯೇ ನೋಡಬೇಕಾಗುತ್ತದೆ.

ಖಾಲಿಯಾದ ಹೊತ್ತಿಗೆ ಎರಡೂ ಕೈಗೆ ಕೆಲಸ ಕೊಡಿ: ಅವರೆಕಾಯಿ ಸುಲಿಯಿರಿ, ಹೂ ಕಟ್ಟಿ, ಸೈಕಲ್ ಒರೆಸಿ. ಪುಸ್ತಕ ಆಮೇಲೆ, ಶುರುವಿನಲ್ಲಿ ಎರಡು ಪುಟಕ್ಕೇ ಮನಸ್ಸು ಹಾರುತ್ತದೆ.

ಒಂದು ರಾತ್ರಿ ಜಾರಿದರೆ ಮರುದಿನ ಚಾರ್ಜರ್ ಮತ್ತೆ ಹಾಲ್‌ಗೆ, ಅಷ್ಟೇ.

ಇಷ್ಟಾದರೂ ನಿದ್ದೆ, ಓದು, ಕೆಲಸ ಹಾಳಾಗುತ್ತಲೇ ಇದ್ದರೆ, ಮೊಬೈಲ್ ಕಿತ್ತುಕೊಂಡರೆ ಮಗ ಊಟ ಬಿಡುವಷ್ಟಾದರೆ, ತಡಮಾಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಲ್ಲಿ ‘ಶಟ್’ ಕ್ಲಿನಿಕ್ ಶುರುವಾಗಿದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು: ಉಚಿತ, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡುವಾಗ ಮೂರು ದಿನ ಬರೆದ ಆ ಚೀಟಿ ಪಕ್ಕದಲ್ಲಿರಲಿ, ಹೇಳಿಕೊಳ್ಳಲು ಸುಲಭವಾಗುತ್ತದೆ.