ಮಾಳಿಗೆ ಮೇಲಿನ ಗುಲಾಬಿಗೆ ಬೂದಿ ಹತ್ತಿದಾಗ

ವಿಜಯಪುರದಲ್ಲಿ ಎಲೆ ಬೆಳ್ಳಗೆ ಕಂಡರೆ ಯಾರಿಗಾದರೂ ಮೊದಲು ನೆನಪಾಗೋದು ಧೂಳು. ನನಗೂ ಹಾಗೇ ಆಯ್ತು. ರಸ್ತೆ ಕಡೆಯ ಕುಂಡಗಳಲ್ಲವಾ, ಧೂಳು ಕೂತಿದೆ ಅಂತ ಹದಿನೈದು ದಿನ ಸುಮ್ನೆ ಬಿಟ್ಟೆ. ಅಷ್ಟರಲ್ಲಿ ನಾಲ್ಕು ಗುಲಾಬಿ ಗಿಡದ ಚಿಗುರು ಮುರುಟಿ ಹೋಗಿತ್ತು. ಅದು ಧೂಳಲ್ಲ, ಬೂದಿ ರೋಗ ಅನ್ನೋ ಬೂಜು.

ಗುರುತು ಹಿಡಿಯೋದು ಸುಲಭ. ಎಳೆ ಎಲೆಯನ್ನು ಬೆರಳಿಂದ ಒರೆಸಿ ನೋಡಿ. ಧೂಳಾದರೆ ಬೆರಳು ಕಂದಾಗುತ್ತದೆ, ಎಲೆ ಹಸಿರಾಗಿ ಸಪಾಟಾಗಿ ಉಳಿಯುತ್ತದೆ. ಬೂದಿ ರೋಗವಾದರೆ ಬೆರಳಿಗೆ ವಿಭೂತಿ ಹಚ್ಚಿದ ಹಾಗೆ ಬಿಳಿ ಹತ್ತುತ್ತದೆ, ಆದರೆ ಒರೆಸಿದ ಜಾಗದಲ್ಲಿ ಎಲೆ ಉಬ್ಬಿಕೊಂಡು, ಅಂಚು ಮೇಲಕ್ಕೆ ಮಡಚಿ, ಕೆಂಪು-ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ಮೊಗ್ಗಿನ ಕೆಳಗಿನ ತೊಟ್ಟನ್ನೂ ನೋಡಿ. ಅಲ್ಲಿ ಬಿಳಿ ಕೂತರೆ ಆ ಮೊಗ್ಗು ಸರಿಯಾಗಿ ಅರಳೋದಿಲ್ಲ.

ಇಲ್ಲೇ ನಾನು ದೊಡ್ಡ ತಪ್ಪು ಮಾಡಿದೆ. ಬೂಜು ಅಂದಮೇಲೆ ನೀರು ಜಾಸ್ತಿ ಆಗಿದೆ ಅಂದುಕೊಂಡು ನೀರು ಕಡಿಮೆ ಮಾಡಿದೆ. ರೋಗ ಇನ್ನೂ ಹೆಚ್ಚಾಯ್ತು. ಈ ಬೂಜಿಗೆ ಬೇರೆ ಬೂಜುಗಳ ಹಾಗೆ ಎಲೆ ತೊಯ್ದಿರಬೇಕು ಅಂತೇನಿಲ್ಲ. ನೀರಲ್ಲಿ ನೆನೆದರೆ ಅದರ ಬೀಜಕಣಗಳು ಸರಿಯಾಗಿ ಮೊಳೆಯೋದೇ ಇಲ್ಲ. ಅದಕ್ಕೆ ಬೇಕಾಗಿದ್ದು ಒಣ ಹಗಲು, ತಂಪು ರಾತ್ರಿ, ಗಾಳಿಯಲ್ಲಿ ಸ್ವಲ್ಪ ತೇವ, ಒತ್ತೊತ್ತಾಗಿ ನಿಂತ ಗಿಡ. ದೀಪಾವಳಿಯಿಂದ ಸಂಕ್ರಾಂತಿ ಹೊತ್ತಿನ ಸಿದ್ಧೇಶ್ವರ ಜಾತ್ರೆ ಮುಗಿಯೋವರೆಗೂ ನಮ್ಮೂರ ಹವೆ ಹಾಗೇ ಇರುತ್ತದೆ. ತಿಕೋಟಾ ಕಡೆ ದ್ರಾಕ್ಷಿಯವರು ಅಕ್ಟೋಬರ್ ಚಾಟ್ನಿ (ಕಡ್ಡಿ ಕತ್ತರಿಸೋದು) ಆದಮೇಲೆ ಬೂದಿ ಬೂದಿ ಅಂತ ಓಡಾಡೋದು ಇದೇ ಕಾಲಕ್ಕೆ. ಆದರೆ ದ್ರಾಕ್ಷಿಯ ಬೂದಿ ಬೇರೆ ಜಾತಿ, ಗುಲಾಬಿಯದು ಬೇರೆ, ತೋಟದಿಂದ ಹಾರಿ ನಿಮ್ಮ ಕುಂಡಕ್ಕೆ ಬರೋದಿಲ್ಲ.

ಹಾಗಾಗಿ ಮೊದಲ ಔಷಧ ಜಾಗ. ಕುಂಡಗಳನ್ನು ಒಂದಕ್ಕೊಂದು ಎಲೆ ತಾಗದ ಹಾಗೆ ಬಿಡಿಬಿಡಿಯಾಗಿ ಇಡಿ. ಪ್ಯಾರಾಪೆಟ್ ಗೋಡೆಯ ಮೂಲೆಗೆ ಒತ್ತಬೇಡಿ, ಅಲ್ಲಿ ಗಾಳಿ ಆಡೋದಿಲ್ಲ. ದಿನಕ್ಕೆ ಆರು ಗಂಟೆ ಬಿಸಿಲು ಬೇಕೇ ಬೇಕು. ದಸರಾ ಹೊತ್ತಿಗೆ ಚಾಟ್ನಿ ಮಾಡುವಾಗ ಗಿಡದ ನಡುವೆ ಅಡ್ಡಾದಿಡ್ಡಿ ಬೆಳೆದ ಕಡ್ಡಿ, ಕಸಿ ಗಂಟಿನ ಕೆಳಗಿಂದ ಬಂದ ಚಿಗುರು ಎಲ್ಲ ತೆಗೆದುಬಿಡಿ, ಹೊರಗೆ ಮುಖ ಮಾಡಿದ ಚಿಗುರುಗಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ, ಗಿಡ ಬಟ್ಟಲಿನ ಹಾಗೆ ತೆರೆದುಕೊಳ್ಳುತ್ತದೆ. ರೋಗದ ಎಲೆಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಚೀಲದಲ್ಲಿ ಕಟ್ಟಿ ಎಸೆಯಿರಿ.

ಮಣ್ಣಿನ ವಿಷಯ. ಹೊಲದ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಜೋಳಕ್ಕೆ ಬಂಗಾರ, ಕುಂಡಕ್ಕೆ ಶತ್ರು. ಒಣಗಿದರೆ ಬಿರುಕು, ನೆನೆದರೆ ಅಂಟು, ಬೇರಿಗೆ ಉಸಿರಿಲ್ಲ. 12 ಇಂಚಿನ ಕುಂಡಕ್ಕೆ ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಒಂದು ಪಾಲು ದಪ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ. ತಳದ ತೂತು ಮುಚ್ಚಿರಬಾರದು. ಬೋರ್ ನೀರು ಸವಳಾಗಿದ್ದರೆ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಅದು ರೋಗ ಅಲ್ಲ, ಉಪ್ಪು. ತಿಂಗಳಿಗೊಮ್ಮೆ ತಳದಿಂದ ಸುರಿಯುವಷ್ಟು ಸಿಹಿ ನೀರು ಹಾಕಿ. ಯೂರಿಯಾ ಮಾತ್ರ ಮುಟ್ಟಬೇಡಿ. ಅದರಿಂದ ಬರುವ ಮೆತ್ತನೆಯ ಚಿಗುರೇ ಬೂದಿಗೆ ಹಬ್ಬದೂಟ.

ರೋಗ ಈಗಷ್ಟೇ ಕಂಡಿದ್ದರೆ ಮುಂಜಾನೆ ಎಲೆಗಳ ಮೇಲೆ, ಕೆಳಗೆ ಎರಡೂ ಕಡೆ ಪೈಪಿನಿಂದ ಜೋರಾಗಿ ನೀರು ಹೊಡೆಯಿರಿ. ಮುಂಜಾನೆಯೇ ಯಾಕೆ ಅಂದರೆ ಬಿಸಿಲಿಗೆ ಎಲೆ ಬೇಗ ಒಣಗಬೇಕು, ಇಲ್ಲದಿದ್ದರೆ ಕಪ್ಪು ಚುಕ್ಕೆ ರೋಗಕ್ಕೆ ಬಾಗಿಲು ತೆರೆದ ಹಾಗೆ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸುವವರೂ ಇದ್ದಾರೆ. ಸಣ್ಣ ರೋಗಕ್ಕೆ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ವಾಸನೆ ಇದ್ದೇ ಇರುತ್ತದೆ. ಅಡುಗೆ ಸೋಡಾ ನನಗೆ ಇಷ್ಟವಿಲ್ಲ. ಮೊದಲೇ ಸವಳು ನೀರು, ಅದರ ಮೇಲೆ ಇನ್ನೊಂದು ಉಪ್ಪು ಯಾಕೆ?

ಇದಕ್ಕೆಲ್ಲ ಬಗ್ಗದಿದ್ದರೆ ಗಂಧಕ. ಔಷಧಿ ಅಂಗಡಿಯಲ್ಲಿ ನೀರಲ್ಲಿ ಬೆರೆಸುವ ಶೇಕಡಾ 80ರ ಗಂಧಕ ಅಂತ ಕೇಳಿ. ಲೀಟರ್ ನೀರಿಗೆ 2 ಗ್ರಾಂ, ಹತ್ತು ದಿನಕ್ಕೊಮ್ಮೆ, ಎರಡು ಮೂರು ಸಲ. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ. ಸಂಜೆ ತಂಪಲ್ಲಿ ಹೊಡೆಯಿರಿ. ಒಮ್ಮೆ ಫೆಬ್ರವರಿ ಕೊನೆಯಲ್ಲಿ ಮಧ್ಯಾಹ್ನ ಹೊಡೆದು ಎರಡು ಗಿಡದ ಎಲೆಗಳನ್ನು ಹಪ್ಪಳದ ಹಾಗೆ ಸುಟ್ಟಿದ್ದೇನೆ, ಬಿಸಿಲು 32 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕದ ಗೊಡವೆಯೇ ಬೇಡ. ಬೇವಿನ ಎಣ್ಣೆ ಹೊಡೆದಿದ್ದರೆ ಎರಡು ವಾರ ಕಾಯಿರಿ, ಎರಡೂ ಸೇರಿದರೂ ಎಲೆ ಸುಡುತ್ತದೆ. ಕಡೆಯ ದಾರಿ ಹೆಕ್ಸಾಕೊನಾಜೋಲ್ ಅನ್ನೋ ಬೂಜುನಾಶಕ, ಲೀಟರಿಗೆ 1 ಮಿಲಿ. ಅದನ್ನೇ ಮತ್ತೆ ಮತ್ತೆ ಹೊಡೆದರೆ ಬೂಜು ಅದಕ್ಕೆ ಪಳಗುತ್ತದೆ, ಗಂಧಕದ ಜೊತೆ ಅದಲುಬದಲು ಮಾಡಿ.

ಇನ್ನೊಂದು ಮಾತು, ಗುಲ್ಕಂದ್ ಮಾಡಲು ಒಂದೆರಡು ಗಿಡ ಇಟ್ಟುಕೊಂಡಿದ್ದರೆ ಅವನ್ನು ಮಾಳಿಗೆಯ ಇನ್ನೊಂದು ತುದಿಗೆ ಸರಿಸಿ, ಅವಕ್ಕೆ ಔಷಧ ಹೊಡೆಯಬೇಡಿ, ನೀರು, ಕತ್ತರಿ ಎರಡೇ ಸಾಕು. ನಮ್ಮ ಮನೆ ಮಕ್ಕಳಂತೂ ಪಕಳೆ ಕಿತ್ತು ನೇರ ಬಾಯಿಗೇ ಹಾಕಿಕೊಳ್ಳುತ್ತಾರೆ.