ಹೊಸ ಸೆಲ್ ಹಾಕಿದರೂ ಕಾರಿನ ಕೀ ಕೆಲಸ ಮಾಡ್ತಿಲ್ವಾ? ಹೀಗೆ ನೋಡಿ

ಕಾರಿನ ರಿಮೋಟ್ ಕೀಗೆ ಹೊಸ ಸೆಲ್ ಹಾಕಿದ್ದಾಯಿತು, ಕವರ್ ಒತ್ತಿ ಕೂರಿಸಿದ್ದೂ ಆಯಿತು. ಬಟನ್ ಒತ್ತಿದರೆ ಕಾರು ಕಮಕ್ ಕಿಮಕ್ ಅನ್ನುತ್ತಿಲ್ಲ. ಆಗ ಪಕ್ಕದಲ್ಲಿ ನಿಂತವರು ಹೇಳುವ ಮೊದಲ ಮಾತು, ‘ಸೆಲ್ ತೆಗೆದ್ರಲ್ಲ, ಪ್ರೋಗ್ರಾಂ ಹೋಗಿರುತ್ತೆ ಬಿಡಿ’ ಅಂತ.

ಸಾಮಾನ್ಯವಾಗಿ ಹಾಗೆ ಹೋಗುವುದಿಲ್ಲ. ಕೀಯ ಗುರುತು ಇರುವುದು ಒಳಗಿನ ಚಿಪ್‌ನ ಮೆಮೊರಿಯಲ್ಲಿ. ಅದು ಉಳಿಯಲು ಕರೆಂಟ್ ಬೇಕಿಲ್ಲ. ಸೆಲ್ ತೆಗೆದು ಒಂದು ವಾರ ಕಪಾಟಿನಲ್ಲಿಟ್ಟರೂ ಅಳಿಸುವುದಿಲ್ಲ. ಸೆಲ್ ಬದಲಿಸಿದ ಮೇಲೆ ಹುಟ್ಟಿಕೊಂಡ ತೊಂದರೆ ಬಹುಪಾಲು ಸೆಲ್ ಸುತ್ತಮುತ್ತಲೇ ಇರುತ್ತದೆ. ಆದ್ದರಿಂದ ಪ್ರೋಗ್ರಾಮಿಂಗ್‌ಗೆ, ಅಂದರೆ ಕೀಯನ್ನು ಕಾರಿಗೆ ಮತ್ತೆ ಪರಿಚಯಿಸುವ ಕೆಲಸಕ್ಕೆ, ದುಡ್ಡು ಕೊಡುವ ಮುಂಚೆ ಕೆಳಗಿನದನ್ನೆಲ್ಲ ಒಂದು ಸಲ ನೋಡಿಬಿಡಿ.

ರಸ್ತೆಯಲ್ಲಿ ನಿಂತಿದ್ದರೆ ಮೊದಲು ಇದು

ಸ್ಟಾರ್ಟ್ ಬಟನ್ ಇರುವ ಕಾರುಗಳ ಸ್ಮಾರ್ಟ್ ಕೀ ಒಳಗೆ ಒಂದು ಮಾಮೂಲಿ ಲೋಹದ ಕೀ ಅಡಗಿರುತ್ತದೆ. ಕೀಯ ಬದಿಯಲ್ಲೋ ಹಿಂದೆಯೋ ಇರುವ ಚಿಕ್ಕ ಲಾಚ್ ಸರಿಸಿ ಎಳೆದರೆ ಹೊರಗೆ ಬರುತ್ತದೆ. ಡ್ರೈವರ್ ಬಾಗಿಲಿನಲ್ಲಿ ಕೀ ತೂತು ಕಾಣದಿದ್ದರೆ ಹ್ಯಾಂಡಲ್ ಪಕ್ಕದ ಪ್ಲಾಸ್ಟಿಕ್ ಮುಚ್ಚಳದ ಅಡಿಭಾಗ ತಡವಿ ನೋಡಿ. ಅಲ್ಲೊಂದು ಸಣ್ಣ ಸೀಳು ಇದ್ದರೆ ಕೀ ತುದಿ ತೂರಿಸಿ ಮುಚ್ಚಳ ಎಬ್ಬಿಸಬೇಕು. ಹೀಗೆ ಬಾಗಿಲು ತೆರೆದಾಗ ಕೆಲವು ಕಾರು ಕಳ್ಳ ಬಂದ ಅಂತ ಹಾರನ್ ಬಾರಿಸಲು ಶುರು ಮಾಡುತ್ತವೆ. ಗಾಬರಿ ಬೇಡ, ಕಾರು ನಿಮ್ಮ ಕೀ ಗುರುತು ಹಿಡಿದು ಸ್ಟಾರ್ಟ್ ಆದರೆ ಹಾರನ್ ನಿಲ್ಲುತ್ತದೆ.

ಒಳಗೆ ಕೂತು ಕ್ಲಚ್ ಒತ್ತಿ (ಆಟೊಮ್ಯಾಟಿಕ್ ಆದರೆ ಬ್ರೇಕ್), ಸ್ಮಾರ್ಟ್ ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು ಒತ್ತಿ. ಹಲವು ಕಾರುಗಳಲ್ಲಿ ಬಟನ್ ಸುತ್ತ ಒಂದು ತಾಮ್ರದ ಸುರುಳಿ ಇರುತ್ತದೆ. ಕೀ ಒಳಗಿನ ಇಮ್ಮೊಬಿಲೈಸರ್ ಚಿಪ್‌ಗೆ (ಎಂಜಿನ್ ಸ್ಟಾರ್ಟ್ ಆಗಲು ಒಪ್ಪಿಗೆ ಕೊಡುವ ಚಿಪ್) ಬೇಕಾದ ಅಷ್ಟಿಷ್ಟು ಶಕ್ತಿಯನ್ನು ಅದೇ ಕೊಡುತ್ತದೆ, ಸೆಲ್ ಬೇಕಾಗಿಲ್ಲ. ಇನ್ನು ಕೆಲವು ಕಾರುಗಳಲ್ಲಿ ಕೀ ಇಡುವ ಜಾಗ ಗೇರ್ ಹತ್ತಿರವೋ ಕಪ್ ಇಡುವಲ್ಲೋ ಇರುತ್ತದೆ. ಕಾರಿನ ಜತೆ ಬಂದ ಪುಸ್ತಕದಲ್ಲಿ ಅದರ ಚಿತ್ರ ಸಿಗುತ್ತದೆ.

ಕಾರು ಸ್ಟಾರ್ಟ್ ಆಯಿತಾ? ಹಾಗಾದರೆ ಚಿಪ್ ಚೆನ್ನಾಗಿದೆ. ತೊಂದರೆ ಬರೀ ಸೆಲ್ ಇಲ್ಲವೇ ರಿಮೋಟ್ ಭಾಗದ್ದು. ಬಾಗಿಲು ತೆರೆಯುವ ರಿಮೋಟ್ ಬೇರೆ, ಎಂಜಿನ್‌ಗೆ ಒಪ್ಪಿಗೆ ಕೊಡುವ ಚಿಪ್ ಕೆಲಸ ಬೇರೆ. ಒಂದು ಕೆಟ್ಟರೆ ಇನ್ನೊಂದು ಕೆಡಬೇಕೆಂದೇನಿಲ್ಲ.

ಎರಡನೇ ಕೀ ಎಲ್ಲಿದೆ?

ಬೀರುವಿನಲ್ಲಿರುವ ಇನ್ನೊಂದು ಕೀ ತಂದು ಒತ್ತಿ. ಅದು ಕೆಲಸ ಮಾಡಿದರೆ ಕಾರಿನ ತಪ್ಪಿಲ್ಲ. ಎರಡೂ ಕೆಲಸ ಮಾಡದಿದ್ದರೆ ಕೀ ಬಿಟ್ಟು ಕಾರಿನ ಕಡೆ ನೋಡಬೇಕು. ಡಿಕ್ಕಿ ಅರ್ಧ ಮುಚ್ಚಿದೆಯಾ, ಇಗ್ನಿಷನ್ ಆನ್ ಇದೆಯಾ, ಒಂದು ಕೀ ಕಾರೊಳಗೇ ಉಳಿದಿದೆಯಾ? ಇಷ್ಟಕ್ಕೇ ಲಾಕ್ ಆಗಲ್ಲ ಅನ್ನುವ ಕಾರುಗಳಿವೆ. ಒಳಗಿನ ಲೈಟ್ ಮಂಕಾಗಿದ್ದರೆ ಕಾರಿನ 12 ವೋಲ್ಟ್ ಬ್ಯಾಟರಿಯೇ ಇಳಿದಿರಬಹುದು. ಸೆಂಟರ್ ಲಾಕ್‌ನ ಫ್ಯೂಸ್ ಹೋಗಿದ್ದರೆ ಒಳಗಿನ ಲಾಕ್ ಸ್ವಿಚ್ ಕೂಡ ಸುಮ್ಮನಿರುತ್ತದೆ.

ಜಾಗ ಬದಲಿಸಿಯೂ ನೋಡಿ. ನಮ್ಮಲ್ಲಿ ಕಾರಿನ ರಿಮೋಟ್‌ಗಳು ಸಾಮಾನ್ಯವಾಗಿ 433.92 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಗೇಟ್ ರಿಮೋಟ್, ವೈರ್‌ಲೆಸ್ ಕರೆಗಂಟೆ ಮುಂತಾದವೂ ಅದೇ ಸಂತೆಯಲ್ಲಿ ಗದ್ದಲ ಮಾಡುತ್ತವೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಕೆಲಸ ಮಾಡದ ಕೀ ಹೊರಗಿನ ರಸ್ತೆಯಲ್ಲಿ ಕೆಲಸ ಮಾಡಿದರೆ ಕೀ ಬಿಚ್ಚುವ ಗೋಜೇ ಬೇಡ.

ಸೆಲ್ ಹೊರಗೆ ತೆಗೆದು ಅದರ ಮೈಮೇಲಿನದು ಓದಿ

ಅರ್ಧಕ್ಕಿಂತ ಜಾಸ್ತಿ ಕೇಸುಗಳು ಇಲ್ಲೇ ಬಗೆಹರಿಯುತ್ತವೆ ಅನ್ನುವುದು ನನ್ನ ಅಂದಾಜು. ಆದ್ದರಿಂದ ಇಲ್ಲಿ ಅವಸರ ಬೇಡ. ಬೆಳಕು ಚೆನ್ನಾಗಿರುವ ಕಡೆ ಮೇಜಿನ ಮೇಲೆ ಒಂದು ಟವೆಲ್ ಹಾಸಿ ಕೂರಿ. ಕೀಯ ಅಂಚಿನ ಸೀಳಿಗೆ ಒಂದು ರೂಪಾಯಿ ನಾಣ್ಯ ತೂರಿಸಿ ಮೆಲ್ಲಗೆ ತಿರುಗಿಸಿದರೆ ಕವರ್ ಟಕ್ ಎಂದು ಬಿಡುತ್ತದೆ. ಚಿಕ್ಕ ಮಕ್ಕಳನ್ನು ಮಾತ್ರ ಆಚೆ ಕಳಿಸಿ. ಈ ಸೆಲ್ ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಬೇಕು.

ಈಗ ನಂಬರ್ ನೋಡಿ. ಸಿಆರ್2032 ಅಂದರೆ ಅಡ್ಡಳತೆ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಸಿಆರ್2025ರ ಅಡ್ಡಳತೆಯೂ ಅಷ್ಟೇ, ದಪ್ಪ ಮಾತ್ರ 2.5. ಎರಡೂ 3 ವೋಲ್ಟ್. ಮೇಲಿನಿಂದ ನೋಡಿದರೆ ಅಣ್ಣ ಯಾರು ತಮ್ಮ ಯಾರು ಗೊತ್ತಾಗುವುದಿಲ್ಲ. 2032 ಕೂರಬೇಕಾದ ಕಡೆ 2025 ಹಾಕಿದರೆ 0.7 ಮಿಲಿಮೀಟರ್ ಸಡಿಲ ಉಳಿಯುತ್ತದೆ. ಮೇಜಿನ ಮೇಲೆ ಕೀ ಕೆಲಸ ಮಾಡುತ್ತದೆ, ಜೇಬಿಗೆ ಹಾಕಿ ನಾಲ್ಕು ಹೆಜ್ಜೆ ನಡೆದರೆ ನಿಲ್ಲುತ್ತದೆ. ಉಲ್ಟಾ ಮಾಡಿದರೆ, ಅಂದರೆ 2025ರ ಜಾಗಕ್ಕೆ 2032 ತುರುಕಿದರೆ ಕವರ್ ಪೂರ್ತಿ ಮುಚ್ಚುವುದಿಲ್ಲ, ಬೋರ್ಡ್ ಬಾಗುತ್ತದೆ. ಸಡಿಲಕ್ಕೆ ಬೆಳ್ಳಿ ಕಾಗದ ಮಡಚಿ ಇಡುವ ಉಪಾಯ ಬೇಡವೇ ಬೇಡ, ಶಾರ್ಟ್ ಆಗಬಹುದು. ಅಂಗಡಿಯಲ್ಲಿ ‘ರೀಚಾರ್ಜ್ ಮಾಡಬಹುದು ಸಾರ್’ ಅಂತ ಎಲ್ಐಆರ್2032 ಕೊಟ್ಟರೆ ಬೇಡ ಅನ್ನಿ. ಪೂರ್ತಿ ಚಾರ್ಜ್ ಆದಾಗ ಅದರ ವೋಲ್ಟೇಜ್ 4.2. ಮೂರು ವೋಲ್ಟ್‌ಗೆ ಮಾಡಿದ ರಿಮೋಟ್‌ಗೆ ಅದು ಜಾಸ್ತಿಯಾಯಿತು.

ಹೊಸ ಸೆಲ್‌ಗೆ ತೆಳ್ಳನೆಯ ಪಾರದರ್ಶಕ ಹಾಳೆ ಅಂಟಿದೆಯಾ ಅಂತ ಉಗುರಿನಿಂದ ಕೆರೆದು ನೋಡಿ. ಇನ್ನೊಂದು ಹೊಸ ತಕರಾರೂ ಇದೆ. ಮಕ್ಕಳು ಬಾಯಿಗೆ ಹಾಕಿದ ಕೂಡಲೇ ಉಗಿಯಲಿ ಅಂತ ಕೆಲವು ಕಂಪನಿಗಳು ಸೆಲ್‌ಗೆ ಕಹಿ ಲೇಪ ಹಚ್ಚುತ್ತವೆ. ಉದ್ದೇಶ ಒಳ್ಳೆಯದೇ. ಆದರೆ ಕೆಲವು ಸಾಧನಗಳಲ್ಲಿ ಆ ಲೇಪವೇ ಕರೆಂಟ್‌ಗೆ ಅಡ್ಡ ಬರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿಸಿ ಹಾಕಿ. ಇಲ್ಲವೇ ಲೇಪವಿಲ್ಲದ ಸೆಲ್ ಕೊಳ್ಳಿ. ಒರೆಸಿದ ಮೇಲೆ ಅಂಚಿನಲ್ಲಷ್ಟೇ ಹಿಡಿಯಿರಿ, ಬೆರಳಿನ ಎಣ್ಣೆಯಂಶ ಮತ್ತೆ ಅಂಟದಿರಲಿ.

ಪ್ಲಸ್ ಗುರುತು ಯಾವ ಕಡೆ? ಅಕ್ಷರ ಅಚ್ಚಾಗಿರುವ ಅಗಲ ಮುಖವೇ ಪ್ಲಸ್, ಅಂಚು ಕೂಡ ಪ್ಲಸ್. ಎಷ್ಟೋ ಕೀಗಳಲ್ಲಿ ಪ್ಲಸ್ ಮುಖ ಕೆಳಗೆ ಬರಬೇಕು. ಅಭ್ಯಾಸಬಲದಲ್ಲಿ ನಾವು ಅಕ್ಷರ ಕಾಣುವಂತೆ ಹಾಕಿಬಿಡುತ್ತೇವೆ. ಪ್ಲಾಸ್ಟಿಕ್‌ನಲ್ಲಿ ಸಣ್ಣದಾಗಿ ಕೊರೆದ + ಗುರುತು ಹುಡುಕಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ.

ಕೊನೆಗೆ ತಗಡಿನ ಪಟ್ಟಿಗಳು. ಸೆಲ್‌ನ ಅಂಚಿಗೆ ಒಂದು, ಅಡಿಗೆ ಒಂದೆರಡು ಇರುತ್ತವೆ. ಹಳೆಯ ಸೆಲ್ ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆಯುವಾಗ ಈ ಪಟ್ಟಿ ಚಪ್ಪಟೆಯಾಗುತ್ತದೆ, ಇಲ್ಲವೇ ಹೊಸ ಸೆಲ್ ಅದರ ತಪ್ಪು ಬದಿಗೆ ಜಾರಿ ಕೂರುತ್ತದೆ. ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ! ಸೆಲ್ ತೆಗೆದು, ಹಲ್ಲುಕಡ್ಡಿಯಿಂದ ಪಟ್ಟಿಯ ತುದಿಯನ್ನು ಕೂದಲೆಳೆಯಷ್ಟು ಮೇಲೆತ್ತಿ. ಜಾಸ್ತಿ ಎತ್ತಿದರೆ ಮುರಿಯುತ್ತದೆ. ಸೆಲ್ಲನ್ನು ಮೊದಲು ಅಂಚಿನ ಪಟ್ಟಿಗೆ ತಾಗಿಸಿ, ಆಮೇಲೆ ಇನ್ನೊಂದು ಬದಿ ಒತ್ತಿ ಕೂರಿಸಿ. ಕೂತ ಮೇಲೆ ಬೆರಳಿನಿಂದ ತಳ್ಳಿದರೆ ಅಲ್ಲಾಡಬಾರದು.

ಮಲ್ಟಿಮೀಟರ್ ಇದ್ದರೆ 20 ವೋಲ್ಟ್ ಡಿಸಿಯಲ್ಲಿಟ್ಟು ಅಳೆಯಿರಿ. ಹೊಸ ಸೆಲ್ 3 ವೋಲ್ಟ್‌ಗಿಂತ ತುಸು ಮೇಲೆ ತೋರಿಸಬೇಕು. 2.8ಕ್ಕಿಂತ ಕೆಳಗಿದ್ದರೆ ಅದು ಹೊಸ ಪ್ಯಾಕೆಟ್‌ನಲ್ಲಿದ್ದ ಹಳೇ ಸೆಲ್. ಸುಮ್ನೆ ಇಟ್ಟಾಗ ಮೂರು ತೋರಿಸಿ, ಬಟನ್ ಒತ್ತಿದಾಗ ಕುಸಿಯುವ ಸೆಲ್‌ಗಳೂ ಇವೆ. ಸಾಧ್ಯವಾದರೆ ಬಟನ್ ಒತ್ತಿ ಹಿಡಿದುಕೊಂಡೇ ಅಳೆಯುವುದು ವಾಸಿ. ಮೀಟರ್ ಇಲ್ಲದವರು ಕೊಳ್ಳುವಾಗಲೇ ಪ್ಯಾಕೆಟ್ ಮೇಲಿನ ದಿನಾಂಕ ನೋಡಿ.

ಸೆಲ್ ಸರಿ ಇದ್ದರೆ ಬೋರ್ಡ್ ನೋಡಿ

ಕೀ ಬಿಚ್ಚಿದಾಗ ರಬ್ಬರ್ ಪದರ ಸರಿದಿರಬಹುದು. ಆಗ ಮೇಲಿನ ಬಟನ್ ಕೆಳಗಿನ ಸ್ವಿಚ್ಚನ್ನು ತಲುಪುವುದೇ ಇಲ್ಲ. ಕವರ್ ಇಲ್ಲದೆ ಬೋರ್ಡ್ ಮೇಲಿನ ಸ್ವಿಚ್ಚನ್ನೇ ಒತ್ತಿ ನೋಡಿ. ಸಣ್ಣ ‘ಟಿಕ್’ ಬಂದು ಕಾರು ಉತ್ತರ ಕೊಟ್ಟರೆ ರಬ್ಬರ್ ಸರಿಯಾಗಿ ಕೂರಿಸಿದರೆ ಸಾಕು. ಬರೀ ಹೊರಕವಚ ಸವೆದಿದ್ದರೆ ಬೇರೆ ಕವಚ ಸಿಗುತ್ತದೆ. ಕರಾವಳಿ, ಮಲೆನಾಡಿನ ಮಳೆಯಲ್ಲಿ ನೆನೆದ ಕೀಗಳಲ್ಲಿ ಹಸಿರು ಕಿಲುಬು ಸಾಮಾನ್ಯ. ಸೆಲ್ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಅದೇ ಆಲ್ಕೋಹಾಲ್ ಹಾಕಿ ಉಜ್ಜಿ, ಪೂರ್ತಿ ಒಣಗಿಸಿ. ಸೆಲ್ ಬದಲಿಸುವಾಗ ಕೀ ಬಿದ್ದಿದ್ದರೆ ಬೆಸುಗೆ ಬಿಟ್ಟಿರಬಹುದು, ಅದನ್ನು ಮೊಬೈಲ್ ರಿಪೇರಿಯವರು ಹಚ್ಚಿಕೊಡುತ್ತಾರೆ.

ಮಡಚುವ ಕೀ ಇರುವವರಿಗೆ ಒಂದು ಎಚ್ಚರಿಕೆ. ಹಲವು ಹಳೆಯ ಕೀಗಳಲ್ಲಿ ಇಮ್ಮೊಬಿಲೈಸರ್ ಚಿಪ್ ಬೋರ್ಡ್‌ಗೆ ಅಂಟಿರುವುದಿಲ್ಲ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ಚೂರೋ ಗಾಜಿನ ಕೊಳವೆಯೋ ಕವಚದ ಮೂಲೆಯಲ್ಲಿ ಬೇರೆಯೇ ಕೂತಿರುತ್ತದೆ. ಬಿಚ್ಚುವಾಗ ಅದು ಉದುರಿದರೆ ಬಾಗಿಲು ರಿಮೋಟ್‌ನಿಂದ ತೆರೆಯುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಸ್ಟೀರಿಂಗ್ ಮುಂದಿನ ಮೀಟರ್ ಫಲಕದಲ್ಲಿ ಕೀ ಚಿತ್ರದ ದೀಪ ಮಿಣುಕುತ್ತದೆ. ಟವೆಲ್ ಹಾಸಿ ಅಂದದ್ದು ಇದಕ್ಕೇ. ಹಳೆಯ ಕವಚ ಕಸಕ್ಕೆ ಹೋಗಿದ್ದರೆ ಮೊದಲು ಕಸದ ಬುಟ್ಟಿ ಹುಡುಕಿ.

ಟಿವಿ ರಿಮೋಟ್ ಥರ ಮೊಬೈಲ್ ಕ್ಯಾಮೆರಾದಲ್ಲಿ ಬೆಳಕು ಕಾಣುತ್ತಾ ಅಂತ ನೋಡುವವರಿದ್ದಾರೆ. ಈಗಿನ ಕಾರಿನ ಕೀ ಕಳಿಸುವುದು ರೇಡಿಯೊ ಅಲೆ, ಅದು ಕ್ಯಾಮೆರಾಗೆ ಕಾಣುವುದಿಲ್ಲ. ಕೀಯಲ್ಲೇ ಸಣ್ಣ ಎಲ್ಇಡಿ ಇದ್ದರೆ ಅದು ಮಿನುಗುತ್ತದಾ ನೋಡಿ.

ಕೀಗೂ ಕಾರಿಗೂ ಲೆಕ್ಕ ತಪ್ಪಿದ್ದರೆ

ರಿಮೋಟ್ ಪ್ರತಿ ಸಲವೂ ಹೊಸ ಕೋಡ್ ಕಳಿಸುತ್ತದೆ. ಕಳ್ಳ ಒಂದು ಸಲ ಕದ್ದು ಕೇಳಿದ ಕೋಡನ್ನು ಮತ್ತೆ ಬಳಸದಿರಲಿ ಅಂತ ಈ ಏರ್ಪಾಡು. ಕೀ ಮತ್ತು ಕಾರು ಎರಡೂ ಎಣಿಕೆ ಇಟ್ಟುಕೊಂಡಿರುತ್ತವೆ. ಕಾರು ದೂರದಲ್ಲಿದ್ದಾಗ ಮಗು ಬಟನ್ ಒತ್ತುತ್ತಾ ಆಡಿದರೆ ಕೀ ಮುಂದೆ ಓಡುತ್ತದೆ, ಕಾರು ಹಿಂದೆ ಉಳಿಯುತ್ತದೆ. ಇಂಥ ಕೋಡ್‌ಗಳಲ್ಲಿ ಹೆಸರಾದ ಕೀಲಾಕ್‌ನಲ್ಲಿ ಸಾಮಾನ್ಯವಾಗಿ ಕೀ 16 ಹೆಜ್ಜೆಯವರೆಗೆ ಮುಂದಿದ್ದರೆ ಕಾರು ಒಂದೇ ಒತ್ತಿಗೆ ಒಪ್ಪುತ್ತದೆ. ಅದಕ್ಕಿಂತ ಮುಂದೆ ಹೋಗಿದ್ದರೆ ಬೆನ್ನುಬೆನ್ನಿಗೆ ಎರಡು ಸಲ ಕೇಳಿಸಿಕೊಂಡ ಮೇಲೆ ಒಪ್ಪುತ್ತದೆ.

ಅಂದರೆ ಕಾರಿನ ಪಕ್ಕ ನಿಂತು ಲಾಕ್ ಬಟನ್ ನಿಧಾನವಾಗಿ ನಾಲ್ಕೈದು ಸಲ ಒತ್ತಿ. ಆಗದಿದ್ದರೆ ಇಗ್ನಿಷನ್ ಆನ್ ಮಾಡಿ, ಮತ್ತೆ ಆಫ್ ಮಾಡಿ, ಹೊರಗೆ ಬಂದು ಒತ್ತಿ. ಕೆಲವು ಕಾರುಗಳು ಇಷ್ಟಕ್ಕೇ ದಾರಿಗೆ ಬರುತ್ತವೆ. ‘ಹತ್ತು ಸಲ ಆನ್-ಆಫ್ ಮಾಡಿ, ಬಾಗಿಲು ಮೂರು ಸಲ ಬಡಿಯಿರಿ’ ಅನ್ನುವ ವಿಡಿಯೊಗಳನ್ನು ನಂಬಿ ಕೈ ಹಾಕಬೇಡಿ. ಅವು ಬಹಳಷ್ಟು ಅಮೆರಿಕದ ಹಳೆಯ ಮಾದರಿಗಳವು. ಕೆಲವು ಕಾರು ಪ್ರೋಗ್ರಾಮಿಂಗ್ ಮೋಡ್‌ಗೆ ಹೋದರೆ ಚೆನ್ನಾಗಿದ್ದ ಇನ್ನೊಂದು ರಿಮೋಟ್ ಕೂಡ ಅಳಿಸಿಹೋಗುತ್ತದೆ. ಕಾರಿನ ಪುಸ್ತಕದಲ್ಲಿ ಬರೆದಿದ್ದರೆ ಮಾತ್ರ ಮಾಡಿ.

ಕೀಯ ಬಟನ್ ಸರಿಯಿದ್ದು, ಬಾಗಿಲಿನ ಹ್ಯಾಂಡಲ್ ಮುಟ್ಟಿದರೆ ಮಾತ್ರ ತೆರೆಯುತ್ತಿಲ್ಲ ಅಂದರೆ ಅದು ಬೇರೆ ದಾರಿ. ಅಲ್ಲಿ ಕಾರೇ 125 ಕಿಲೊಹರ್ಟ್ಸ್ ಹತ್ತಿರದ ಸಣ್ಣ ಸಂಕೇತ ಕಳಿಸಿ ಕೀಯನ್ನು ಎಬ್ಬಿಸುತ್ತದೆ. ಕೀ ಜತೆ ಒಂದೇ ಜೇಬಿನಲ್ಲಿ ಮೊಬೈಲ್ ಇದ್ದರೆ ಬೇರೆ ಮಾಡಿ. ಟೊಯೊಟಾದ ಕೆಲವು ಸ್ಮಾರ್ಟ್ ಕೀಗಳಲ್ಲಿ ಸೆಲ್ ಉಳಿಸುವ ಮೋಡ್ ಇದೆ. ಲಾಕ್ ಒತ್ತಿ ಹಿಡಿದು ಅನ್‌ಲಾಕ್ ಎರಡು ಸಲ ಒತ್ತಿದರೆ ಅದು ಶುರುವಾಗುತ್ತದೆ, ಆಗ ಹ್ಯಾಂಡಲ್ ಮುಟ್ಟಿದರೂ ಕೀ ಏಳುವುದಿಲ್ಲ. ಯಾವುದಾದರೂ ಬಟನ್ ಒತ್ತಿದರೆ ಬಿಡುತ್ತದೆ.

ಇಷ್ಟಾದರೂ ಆಗದಿದ್ದರೆ

ಆಗ ಸರ್ವೀಸ್ ಸೆಂಟರ್‌ಗೋ ನಂಬಿಕೆಯ ಕೀ ಮಾಡುವವರ ಹತ್ತಿರವೋ ಹೋಗಿ. ‘ಕೀ ಕೆಟ್ಟಿದೆ’ ಅನ್ನಬೇಡಿ. ‘ಎರಡನೇ ಕೀ ಕೆಲಸ ಮಾಡುತ್ತೆ, ಸೆಲ್ 3 ವೋಲ್ಟ್ ಇದೆ, ಕಾರು ಸ್ಟಾರ್ಟ್ ಆಗುತ್ತೆ, ರಿಮೋಟ್ ಮಾತ್ರ ಸತ್ತಿದೆ’ ಅನ್ನಿ. ಸ್ಮಾರ್ಟ್ ಕೀ ಹೊಸದು ಬೇಕಾದರೆ ಸಾವಿರಗಳ ಲೆಕ್ಕ, ಕೆಲವು ಕಾರುಗಳಿಗೆ ಹತ್ತು ಸಾವಿರವೂ ದಾಟುತ್ತದೆ. ಹಾಗಾಗಿ ಕೀಯಿಂದ ಸಿಗ್ನಲ್ ಬರುತ್ತಿದೆಯಾ ಅಂತ ಮೊದಲು ಫ್ರೀಕ್ವೆನ್ಸಿ ಟೆಸ್ಟರ್‌ನಲ್ಲಿ ತೋರಿಸಿ ಅಂತ ಕೇಳಿ. ಕೀ ಕೆಲಸದವರ ಹತ್ತಿರ ಸಾಮಾನ್ಯವಾಗಿ ಆ ಸಾಧನ ಇರುತ್ತದೆ, ನೋಡಲು ಒಂದು ನಿಮಿಷ ಸಾಕು. ಸಿಗ್ನಲ್ ಬಂದರೆ ಪ್ರೋಗ್ರಾಮಿಂಗ್ ಮಾತು. ಬರದಿದ್ದರೆ ಎಷ್ಟು ಪ್ರೋಗ್ರಾಂ ಮಾಡಿದರೂ ದುಡ್ಡು ದಂಡ.

ಪ್ರೋಗ್ರಾಮಿಂಗ್ ಆಗಲೇಬೇಕು ಅಂದರೆ ಆರ್‌ಸಿ ಮತ್ತು ನಿಮ್ಮ ಗುರುತಿನ ಚೀಟಿ ಜತೆಗಿರಲಿ. ಮನೆಯಲ್ಲಿರುವ ಕೀಗಳನ್ನೆಲ್ಲ ತೆಗೆದುಕೊಂಡು ಹೋಗಿ. ಹಲವು ಕಾರುಗಳಲ್ಲಿ ಎಲ್ಲ ಕೀಗಳನ್ನೂ ಒಂದೇ ಸಲಕ್ಕೆ ಹೊಸದಾಗಿ ಸೇರಿಸುತ್ತಾರೆ, ಅವತ್ತು ಮನೆಯಲ್ಲೇ ಉಳಿದ ಕೀಗೆ ಆಮೇಲೆ ಕಾರು ಸ್ಟಾರ್ಟ್ ಆಗುವುದಿಲ್ಲ.