ನೀಲಗಿರಿ ಬುಡ ಕೀಳಿಸಿದ ಅನುಭವ

ಹೊಸಕೋಟೆ ಕಡೆ ನಮ್ಮದು ಎರಡೂವರೆ ಎಕರೆ ನೀಲಗಿರಿ ತೋಪು. 1980ರ ದಶಕದಲ್ಲಿ, ಹೊಲದಲ್ಲೂ ಮರ ಬೆಳೆಸಿ ಎನ್ನುವ ಸಾಮಾಜಿಕ ಅರಣ್ಯ ಯೋಜನೆಯ ಗಾಳಿ ಜೋರಾಗಿದ್ದಾಗ, ಅಪ್ಪ ರಾಗಿ ಬಿಟ್ಟು ಹಾಕಿದ್ದು. ನಾನಿರುವುದು ಬೆಂಗಳೂರಿನ ವಿಜಯನಗರದಲ್ಲಿ. ತೋಪಿಗೆ ಹೋಗುವುದು ಭಾನುವಾರ ಮಾತ್ರ. ಹಾಗಾಗಿ ತೋಪು ತೆಗೆಸಿ ಹೊಂಗೆ, ಹಿಪ್ಪೆ, ನೇರಳೆ, ಮುತ್ತುಗ ಬೆಳೆಸುವ ಕೆಲಸವೆಲ್ಲ ಗುತ್ತಿಗೆಯಲ್ಲೇ ಆಗಬೇಕಿತ್ತು.

ಮರ ಕಡಿಸುವುದು ಸುಲಭ. ವ್ಯಾಪಾರಿ ಟನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಹೋದ. ಸೊಪ್ಪು, ರೆಂಬೆ ಅಲ್ಲೇ ಬಿದ್ದಿತ್ತು. ಬುಡವೂ ಅಷ್ಟೇ. ಎರಡು ಮಳೆ ಬಿದ್ದದ್ದೇ ತಡ, ಒಂದೊಂದು ಬುಡಕ್ಕೂ ಏಳೆಂಟು ಚಿಗುರು. ಕೂಳೆ ಬರುತ್ತದೆ, ಅಂದರೆ ಕಡಿದ ಬುಡವೇ ಮತ್ತೆ ಚಿಗುರಿ ಮರವಾಗುತ್ತದೆ ಅಂತಲೇ ಅಲ್ವಾ ನಮ್ಮವರು ಇದನ್ನು ಹಾಕಿದ್ದು! 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ನಿಜ. ಹಳೇ ಬುಡಕ್ಕೆ ಆ ಆದೇಶ ಓದಿ ಹೇಳುವವರು ಯಾರು?

ಬುಡ ತೆಗೆಯಲು ಒಂದಕ್ಕೆ ಇಷ್ಟು ಅಂತ ಮೇಸ್ತ್ರಿಗೆ ಒಪ್ಪಿಸಿದೆ. ಭಾನುವಾರ ಹೋದರೆ ನೆಲ ಸಾಫ್. ಖುಷಿಯಿಂದ ದುಡ್ಡು ಎಣಿಸಿದೆ. ತಿಂಗಳಾದ ಮೇಲೆ ನೋಡಿದರೆ ಸಾಲು ಸಾಲಾಗಿ ಕೆಂಪು ಚಿಗುರು. ಆಳುಗಳು ನೆಲದ ಮಟ್ಟಕ್ಕೆ ಕೊಯ್ದು ಮೇಲೆ ಮಣ್ಣೆಳೆದಿದ್ದರು. ತಪ್ಪು ನನ್ನದೂ ಹೌದು, ಎಷ್ಟು ಆಳ ಅಂತ ನಾನು ಹೇಳಿರಲೇ ಇಲ್ಲ. ಎರಡನೇ ಸಲ ಮಾತು ಬದಲಿಸಿದೆ. ಜೆಸಿಬಿಯಲ್ಲಿ ಬೇರಿನ ಗಡ್ಡೆ ಸಮೇತ ಎತ್ತಿ ಒಂದು ಕಡೆ ರಾಶಿ ಹಾಕಬೇಕು, ರಾಶಿಯಲ್ಲಿರುವ ಬುಡ ಎಣಿಸಿ ಹಣ. ಆಮೇಲೆ ಚಿಗುರು ಕಾಣಲಿಲ್ಲ. ಇಳಿಜಾರಿಗೆ ಮಾತ್ರ ಜೆಸಿಬಿ ಬಿಡಲಿಲ್ಲ, ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಅಲ್ಲಿ ಬದು ಹಾಕಿಸಿ, ಚಿಗುರು ಬಂದ ಹಾಗೆಲ್ಲ ಸವರಿಸುತ್ತಿದ್ದೇನೆ. ಮೂರು ವರ್ಷವಾದರೂ ಕೆಲವು ಸತ್ತಿಲ್ಲ.

ಆರಿದ್ರಾ ಮಳೆಗೆ ಸಸಿ ನೆಡಿಸಿದೆ. ಇದೂ ಸಸಿಗೆ ಇಷ್ಟು ಅಂತ. ಬೇಸಿಗೆಯಲ್ಲಿ ಒಣಗಿದ ಗಿಡವೊಂದನ್ನು ಕಿತ್ತರೆ ನರ್ಸರಿಯ ಪ್ಲಾಸ್ಟಿಕ್ ಕವರ್ ಬೇರಿಗೆ ಹಾಗೇ ಅಂಟಿಕೊಂಡಿತ್ತು. ನೆಟ್ಟಿದ್ದಂತೂ ಸುಳ್ಳಲ್ಲ!

ಮರುವರ್ಷ ಅರ್ಧ ಹಣ ನೆಟ್ಟಾಗ, ಉಳಿದದ್ದು ಯುಗಾದಿ ಕಳೆದ ಮೇಲೆ ಬದುಕಿರುವ ಗಿಡ ಎಣಿಸಿ ಅಂದೆ. ಮೇಸ್ತ್ರಿ ತಲೆ ಕೆರೆದುಕೊಂಡರು. "ಕುರಿ ಮೇಯ್ದರೂ ನನ್ನ ತಲೆ ಮೇಲೇನಾ ಸಾರ್?" ನ್ಯಾಯವಾದ ಮಾತೇ. ಬೇಲಿ, ಟ್ಯಾಂಕರ್ ನೀರು ನನ್ನ ಖರ್ಚು. ಗುಣಿ, ಪಾತಿ, ಕಳೆ ಅವರದು ಅಂತಾಯಿತು. ಅದಾದ ಮೇಲೆ ನಾನು ಹೇಳದೆಯೇ ಕೆಲಸ ಬದಲಾಯಿತು. ಕುರಿ ಹೊಂಗೆಗೆ ಬಾಯಿ ಹಾಕುವುದು ಕಡಿಮೆ ಅಂತ ಅಂಚಿಗೆಲ್ಲ ಹೊಂಗೆ ಹಾಕಿಸಿದ್ದು ಅವರೇ. ಪಾತಿಗೆ ಒಣಹುಲ್ಲು ಮುಚ್ಚಿಸಿದ್ದೂ ಅವರೇ.

ಯುಗಾದಿ ಆದ ಮೇಲೆ ಇಬ್ಬರೂ ಎಣಿಸುತ್ತಾ ಹೋದೆವು. ಎಲೆಯೇ ಇಲ್ಲದ ಒಂದು ಹಿಪ್ಪೆ ಗಿಡ ಬಿಟ್ಟು ನಾನು ಮುಂದೆ ಹೋದೆ. ಮೇಸ್ತ್ರಿ ಕರೆದು, ಕಾಂಡವನ್ನು ಉಗುರಿನಿಂದ ಕೆರೆದು ತೋರಿಸಿದರು. "ಒಳಗೆ ಹಸಿರಿದೆ ನೋಡಿ ಸಾರ್, ಇದನ್ನೂ ಬರ್ಕೊಳ್ಳಿ."

ಬರೆದುಕೊಂಡೆ.